ಜಾಲಿಗಡ್ಡೆಯ ಹದಿನಾಲ್ಕು ಕಲ್ಲು

ರಾಯಚೂರು
8 ಫೆಬ್ರವರಿ 2026

ಪರಮಣ್ಣನವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಹೆಸರು ನಾಹಿದ್. ಯರಗೇರಾ ಕಡೆಯ ಒಂದು ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಭೂಗೋಳ ಕಲಿಸುತ್ತಿದ್ದೇನೆ. ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ನಿಂತುಕೊಂಡೇ ಬರುವವಳು.

ನನ್ನ ಮುಂದೆ ಒಂದು ನೋಟ್‌ಬುಕ್ಕಿದೆ. ರಟ್ಟಿನ ಮೇಲೆ ‘ಹೊಳೆ, ಕೆರೆ, ಗಡಿ: ಮುನ್ನೂರು ಪ್ರಶ್ನೆ’ ಎಂದು ಬರೆದಿದೆ. ಆರು ತಿಂಗಳು ಫ್ರಾನ್ಸಿಗೂ ಆರು ತಿಂಗಳು ಸ್ಪೇನಿಗೂ ಸೇರುವ ಹೊಳೆ ನಡುವಿನ ದ್ವೀಪ ಯಾವುದು? ಫೆಸಂಟ್ ದ್ವೀಪ. ಹೆಸರಿಗೆ ಸಮುದ್ರ, ನಿಜದಲ್ಲಿ ಸರೋವರ, ಯಾವುದು? ಕ್ಯಾಸ್ಪಿಯನ್. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇದ್ದೂ ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಊರು ಯಾವುದು? ಇದಕ್ಕೆ ಉತ್ತರ ಬರೆದಿಲ್ಲ, ನಮ್ಮ ಓಣಿಯವರಿಗೆ ಬರೆಯಬೇಕಾಗಿಯೂ ಇಲ್ಲ.

ಪ್ರಶ್ನೆ 298 ಹೀಗಿದೆ: ‘ಕೃಷ್ಣೆಯ ನಡುವಿನ ಜಾಲಿಗಡ್ಡೆ. ತಲೆ ರಾಯಚೂರು ಜಿಲ್ಲೆ, ಬಾಲ ಯಾದಗಿರಿ ಜಿಲ್ಲೆ. ಗಡಿಕಲ್ಲು ಎಲ್ಲಿದೆ? ಬೆಣಚಿಮರಡಿಯ ಹರಿಗೋಲಿನ ಪರಮಣ್ಣನನ್ನು ಕೇಳಬೇಕು.’

ಹೀಗೆ ಸುತ್ತಿ ಬಳಸಿ ಬರೆಯುವುದು ನನಗೆ ಒಗ್ಗುವುದಿಲ್ಲ. ಇದು ನನ್ನ ತಮ್ಮ ಜಮೀರನ ನೋಟ್‌ಬುಕ್ಕು. ಹತ್ತಿ ಮಿಲ್ಲಿನ ತೂಕದ ಕಟ್ಟೆಯಲ್ಲಿ ಕೆಲಸ, ತಲೆ ತುಂಬ ನಕ್ಷೆ. 2019ರ ಆಗಸ್ಟ್ ಮೊದಲ ವಾರ ಮನೆಯಲ್ಲಿ ಸಣ್ಣ ಜಗಳ ಮಾಡಿಕೊಂಡು, ಹೆಂಡತಿಯ ಹೊಲಿಗೆ ಟೇಪನ್ನು ಜೇಬಿಗೆ ಹಾಕಿಕೊಂಡು ಹೊರಟವನು ತಿರುಗಿ ಬರಲಿಲ್ಲ. ಅಮ್ಮಿ ಇವತ್ತಿಗೂ ಬಾಗಿಲಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ, “ಆತೂಂ ಬೋಲ್ಕೆ ಗಯಾ, ಆಯಾಚ್ ನೈ.” ಬರ್ತೀನಿ ಅಂದು ಹೋದ, ಬರಲೇ ಇಲ್ಲ. ನಾವು ಹೈದರಾಬಾದು, ಮುಂಬೈ ಎಲ್ಲ ಹುಡುಕಿಸಿದೆವು. ಯಾರದೋ ಜತೆ ಓಡಿಹೋದ ಎಂದು ಜನ ಆಡಿಕೊಂಡರು. ನೋಟ್‌ಬುಕ್ಕು ಅವನ ಹೆಂಡತಿ ಮಿನಾಜಳ ತವರಿನಲ್ಲಿ, ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ, ಹಳೆ ಟ್ರಂಕಿನ ತಳದಲ್ಲಿ ಹೋದ ತಿಂಗಳು ಸಿಕ್ಕಿತು.

ಈ ಆಗಸ್ಟಿಗೆ ಏಳು ವರ್ಷ. ಮಿನಾಜಳ ಅಣ್ಣಂದಿರು ಬೇರೆ ಗಂಡು ನೋಡಿದ್ದಾರೆ. “ಇದ್ದಾನೋ ಇಲ್ಲೋ, ಒಂದು ಮಾತು ಖಾತ್ರಿ ಮಾಡ್ಕೊಡ್ರಿ ಆಪಾ, ಆಮ್ಯಾಲ ಏನ್ ಹೇಳ್ತೀರಿ ಅದನ್ನ ಕೇಳ್ತೀನಿ” ಎಂದಿದ್ದಾಳೆ. ಅವನು ನಿಮ್ಮ ಹರಿಗೋಲು ಹತ್ತಿದ್ದನೇ? ಇಳಿದನೇ? ಅಷ್ಟು ತಿಳಿಸಿ.

ನಾಹಿದ್

*

ಬೆಣಚಿಮರಡಿ, ದೇವದುರ್ಗ ತಾಲ್ಲೂಕು
1 ಮಾರ್ಚ್ 2026
ಹೊಳೆ ಮಟ್ಟ: ಕಂಬದಲ್ಲಿ ಮೂರು ಅಡಿ

ಮಾನ್ಯ ನಾಹಿದ್ ಟೀಚರ್ ಅವರಲ್ಲಿ ಪರಮಣ್ಣನ ವಿನಂತಿಗಳು.

ತಮ್ಮ ಪತ್ರ ತಲುಪಿತು. ದಿನಾ ಮುಂಜಾನೆ ಹೊಳೆಯ ಕಂಬ ನೋಡಿ ನೀರು ಎಷ್ಟು ಅಡಿ ಇದೆ ಎಂದು ಬರೆದಿಡುವ ಕೆಲಸವೂ ನನ್ನದೇ ಆದ್ದರಿಂದ ಕಾಗದದ ಮೇಲೆ ಮಟ್ಟ ಹಾಕದೆ ಕೈ ಮುಂದಕ್ಕೆ ಹೋಗುವುದಿಲ್ಲ. ತಪ್ಪು ತಿಳಿಯಬೇಡಿ.

ಗಡಿಕಲ್ಲು ಗಡ್ಡೆಯ ಬಾಲದ ದಿಬ್ಬದ ಮೇಲಿದೆ. ನಿಜಾಮರ ಕಾಲದ್ದು ಎನ್ನುತ್ತಾರೆ. ಕಂಬದಲ್ಲಿ ಇಪ್ಪತ್ತೆರಡು ಅಡಿ ಬಂದರೆ ಕಲ್ಲು ಮುಳುಗುತ್ತದೆ. ಅದರ ಮೇಲೆ ಕುಂತರೆ ಒಂದು ಕಾಲು ರಾಯಚೂರಿನಲ್ಲಿ, ಇನ್ನೊಂದು ಯಾದಗಿರಿಯಲ್ಲಿ. ಕುರಿಗಳಿಗೆ ಎರಡೂ ಒಂದೇ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಗಡ್ಡೆಗೆ ಹೋಗುವವರು ದಂಡೆಯಲ್ಲಿ ತಮಗೆ ಬೇಕಾದ ಒಂದು ಕಲ್ಲು ಆರಿಸಿ ನನ್ನ ಗುಡಿಸಲಿನ ಮಡಕೆಯಲ್ಲಿ ಹಾಕಬೇಕು. ತಿರುಗಿ ಬಂದ ಮೇಲೆ ಅದೇ ಕಲ್ಲನ್ನು ತಾವೇ ತೆಗೆದು ಹೊಳೆಗೆ ಎಸೆಯಬೇಕು. ಒಬ್ಬರ ಕಲ್ಲು ಇನ್ನೊಬ್ಬರು ಎಸೆಯುವಂತಿಲ್ಲ. ಮಡಕೆಯಲ್ಲಿ ಎಷ್ಟು ಕಲ್ಲೋ ಗಡ್ಡೆಯಲ್ಲಿ ಅಷ್ಟು ಜನ. ನಮ್ಮಪ್ಪನ ಕಾಲದಿಂದಲೂ ಹೀಗೇ.

2019ರ ಆಗಸ್ಟಿನಲ್ಲಿ ದೊಡ್ಡ ನೀರು ಬಂದ ದಿನ ಮಡಕೆಯಲ್ಲಿ ಹದಿನಾಲ್ಕು ಕಲ್ಲು ಇದ್ದವು. ಎರಡು ಸರ್ತಿ ಹರಿಗೋಲು ಹಾಕಿ ಹದಿನಾಲ್ಕು ಜನರನ್ನು ತಂದೆ. ಲೆಕ್ಕ ಸರಿಯಾಯಿತು. ದಂಡೆಯ ಮೇಲೆ ನಿಂತಿದ್ದ ತಾಲ್ಲೂಕು ಕಚೇರಿಯ ಸಾಹೇಬರಿಗೂ ಹಾಗೇ ಹೇಳಿದೆ. ಕಲ್ಲು ಹದಿನಾಲ್ಕು, ಜನ ಹದಿನಾಲ್ಕು. ಲೆಕ್ಕ ಸರಿ ಇತ್ತು ಟೀಚರ್.

ಇಂತಿ ತಮ್ಮ
ಪರಮಣ್ಣ

*

ರಾಯಚೂರು
9 ಮಾರ್ಚ್ 2026

ಪರಮಣ್ಣನವರೇ,

ನಿಮಗೆ ಪುಣ್ಯ ಬರಲಿ! ನಿಮ್ಮ ಪತ್ರವನ್ನು ಅಮ್ಮಿಗೆ ಮೂರು ಸಲ ಓದಿ ಹೇಳಿದೆ. ಲೆಕ್ಕ ಸರಿ ಇತ್ತು ಎಂದರೆ ಅವನು ಗಡ್ಡೆಗೆ ಬಂದಿದ್ದರೂ ಇಳಿದು ಹೋಗಿದ್ದಾನೆ. ಎಲ್ಲೋ ಬದುಕಿದ್ದಾನೆ, ಲುಚ್ಚಾ! ಸಿಗಲಿ, ಕಿವಿ ಹಿಂಡಿ ಮುನ್ನೂರು ಪ್ರಶ್ನೆಗೂ ನಿಂತ ಕಾಲಿನಲ್ಲಿ ಉತ್ತರ ಹೇಳಿಸುತ್ತೇನೆ.

ನಾನೇ ಪೋತ್ನಾಳಕ್ಕೆ ಹೋಗಿ ಮಿನಾಜಳಿಗೆ ಹೇಳಿ ಬಂದೆ. ಅವಳು ಬ್ಲೌಸಿಗೆ ಗುಂಡಿ ಹಚ್ಚುತ್ತಿದ್ದಳು. ಸೂಜಿ ಕೆಳಗಿಟ್ಟು, “ಹಂಗಾದ್ರ ನಾನು ಇನ್ನೂ ಕಾಯ್ತೀನಿ ಆಪಾ” ಎಂದಳು. ಬಂದಿದ್ದ ಗಂಡಿನ ಕಡೆಯವರಿಗೆ ಬೇಡವೆಂದು ಹೇಳಿಸಿಬಿಟ್ಟಳು. ಅಣ್ಣಂದಿರು ನನ್ನ ಮೇಲೆ ಹರಿಹಾಯ್ದರು. ನಾನೂ ಸುಮ್ಮನೆ ಬಿಡಲಿಲ್ಲ.

ಒಂದು ಉಪಕಾರ ಮಾಡಿ. ಆ ಹದಿನಾಲ್ಕು ಜನ ಯಾರ್‍ಯಾರು ಬರೆದು ಕಳಿಸಿ. ಅವನು ಇಳಿದು ಯಾವ ಕಡೆ ಹೋದ ಎಂದು ಅವರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಬಿಳಿ ಮೈಬಣ್ಣ, ಎಡಗೈಯಲ್ಲಿ ಬರೆಯುತ್ತಾನೆ, ಬಾಯಿ ತೆರೆದರೆ ಪ್ರಶ್ನೆ.

ಜೊತೆಗೆ ನಿಮ್ಮ ಊರ ಮಕ್ಕಳಿಗೆಂದು ನೋಟ್‌ಬುಕ್ಕಿನ ಇಪ್ಪತ್ತು ಪ್ರಶ್ನೆ ಬರೆದು ಕಳಿಸಿದ್ದೇನೆ. ಬಾಯಿಪಾಠ ಮಾಡಿಸಿ.

ನಾಹಿದ್

*

ರಾಯಚೂರು
20 ಏಪ್ರಿಲ್ 2026

ಪರಮಣ್ಣನವರೇ, ಪತ್ರ ಮುಟ್ಟಲಿಲ್ಲವೇ? ಮಿನಾಜ್ ವಾರಕ್ಕೆರಡು ಸಲ ಫೋನ್ ಮಾಡಿ ಕೇಳುತ್ತಾಳೆ. ಹದಿನಾಲ್ಕು ಹೆಸರು, ಅಷ್ಟೇ ನಾನು ಕೇಳಿದ್ದು.

ನಾಹಿದ್

*

ಬೆಣಚಿಮರಡಿ
11 ಮೇ 2026
ಹೊಳೆ ಮಟ್ಟ: ಎರಡೂವರೆ ಅಡಿ

ಟೀಚರ್ ಅವರಿಗೆ,

ಪತ್ರ ಮುಟ್ಟಿತ್ತು. ಮೂರು ಸಲ ಬರೆಯಲು ಕುಂತು ಮೂರು ಸಲ ಎದ್ದೆ. ಆ ಹೆಣ್ಣುಮಗಳು ಕಾಯುತ್ತೇನೆ ಎಂದಳೆಂದು ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ಅನ್ನ ಸೇರುತ್ತಿಲ್ಲ.

ಮೊದಲು ಬೇರೆ ಒಂದು ಮಾತು. ನನ್ನ ಮಡಕೆಯಲ್ಲಿ ಒಂದು ಕಲ್ಲಿದೆ. ಕರಿ ಕಲ್ಲು, ನಡುವೆ ಬಿಳಿ ಗೆರೆ. ಏಳನೇ ವರ್ಷ ನಡೆದಿದೆ, ಯಾರೂ ತೆಗೆದಿಲ್ಲ. ಗುಡಿಸಲು ಹೊಳೆಯಿಂದ ಎಷ್ಟೋ ಮೇಲಿದೆ, ಸೋರುವುದಿಲ್ಲ, ತಗಡು ಹೊಸದು. ಆದರೆ ಕಂಬದಲ್ಲಿ ನೀರು ಒಂದು ಗೆರೆ ಏರಿದ ದಿನ ಮುಂಜಾನೆ ಆ ಕಲ್ಲು ಒದ್ದೆಯಾಗಿರುತ್ತದೆ. ಮಡಕೆ ಒಣಗಿರುತ್ತದೆ, ಕಲ್ಲು ಒದ್ದೆ. ಒರೆಸಿ ಇಡುತ್ತೇನೆ. ಈಗ ಕಂಬ ನೋಡುವ ಮೊದಲೇ ಕಲ್ಲು ಮುಟ್ಟಿ ಹೊಳೆ ಏರಿತೋ ಇಲ್ಲವೋ ಹೇಳಬಲ್ಲೆ. ಒಂದು ದಿನವೂ ತಪ್ಪಿಲ್ಲ.

ಇನ್ನೊಂದು. ಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದ ಬೂದೆಮ್ಮನ ಮಗಳು ರಾಧಾ ದಿನಾ ಗುಡಿಸಲಿಗೆ ಬರುತ್ತಾಳೆ. ಅವಳ ತಾಯಿ ಅವಳನ್ನು ಒಮ್ಮೆಯೂ ಗಡ್ಡೆಗೆ ಬಿಟ್ಟಿಲ್ಲ. ನೀವು ಕಳಿಸಿದ ಇಪ್ಪತ್ತೂ ಪ್ರಶ್ನೆ ಕಲಿಸಿದೆ, ಪಟಪಟ ಹೇಳುತ್ತಾಳೆ. ಮೊನ್ನೆ ಮಡಕೆಯೊಳಗೆ ಬಗ್ಗಿ ನೋಡುತ್ತಾ, “ಮಾಮಾ, ಗಡಿಕಲ್ಲು ಮುಳುಗಿದ್ರ ಗಡಿ ಎಲ್ಲಿರ್ತದ?” ಅಂದಳು. ಇದು ನಿಮ್ಮ ಪಟ್ಟಿಯಲ್ಲಿ ಕಾಣಲಿಲ್ಲ. ಉತ್ತರ ಏನು ಹೇಳಲಿ?

ಹೆಸರು ಕೇಳಿದ್ದಿರಿ. ಮೊದಲ ಸರ್ತಿ ಬಂದವರು ಹಂಪಮ್ಮ, ಅವಳ ಮಗ ದುರುಗೇಶ, ಅವನ ಹೆಂಡತಿ, ಇಬ್ಬರು ಮಕ್ಕಳು, ಚಂದ್ರಕಲಾ ಮತ್ತು ಅವಳ ಅತ್ತೆ. ಏಳು. ಎರಡನೇ ಸರ್ತಿ ಬೀರೇಶ, ಅವನ ತಮ್ಮಂದಿರು ಮೂವರು, ಬೂದೆಮ್ಮನ ಗಂಡ, ಬೂದೆಮ್ಮ, ಮತ್ತು ಅವತ್ತು ಮುಂಜಾನೆ ಗಡ್ಡೆಯ ಮೇಲೆ ಹುಟ್ಟಿದ ಅವಳ ಕೂಸು ರಾಧಾ. ಏಳು.

ನೀವು ಕಲಿತವರು. ಎಣಿಸಿ ನೋಡಿ.

ಪರಮಣ್ಣ

*

ರಾಯಚೂರು
16 ಮೇ 2026

ಎಣಿಸಿದೆ.

ಹದಿನಾಲ್ಕು ಹೆಸರಿನಲ್ಲಿ ನನ್ನ ತಮ್ಮನ ಹೆಸರಿಲ್ಲ. ಮೊದಲು ನಿಟ್ಟುಸಿರು ಬಿಟ್ಟೆ. ಅವನು ಗಡ್ಡೆಗೆ ಹೋಗಿಯೇ ಇಲ್ಲವೆಂದುಕೊಂಡೆ. ಆಮೇಲೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಹೊಳೆಯಿತು. ಗಡ್ಡೆಯ ಮೇಲೆ ಹುಟ್ಟಿದ ಕೂಸು ಮಡಕೆಗೆ ಕಲ್ಲು ಹಾಕಿದ್ದು ಯಾವಾಗ? ಬೂದೆಮ್ಮ ಹೋಗುವಾಗ ಒಬ್ಬಳು, ಒಂದು ಕಲ್ಲು. ಬರುವಾಗ ಇಬ್ಬರು. ಕೂಸನ್ನು ತಲೆಯೆಂದು ಎಣಿಸಿದಿರಿ, ಅದಕ್ಕೆ ಕಲ್ಲಿಲ್ಲ ಎಂಬುದನ್ನು ಮರೆತಿರಿ. ಕಲ್ಲು ಹಾಕಿದವರು ಹದಿನಾಲ್ಕು, ಅವರಲ್ಲಿ ಬಂದವರು ಹದಿಮೂರು. ಬಿಳಿ ಗೆರೆಯ ಕಲ್ಲು ಯಾರದು ಪರಮಣ್ಣ? ಬಾಯಿ ಬಿಡ್ರಿ.

ನಿಮ್ಮ ಮಾತು ನಂಬಿ ಒಬ್ಬ ಹೆಣ್ಣುಮಗಳ ಬಾಳನ್ನು ಮತ್ತೆ ಕಟ್ಟಿಹಾಕಿ ಬಂದಿದ್ದೇನೆ. ಅವಳಿಗೆ ಈಗ ನಾನು ಏನು ಹೇಳಲಿ?

ಮತ್ತು ಆ ಪ್ರಶ್ನೆ. ‘ಗಡಿಕಲ್ಲು ಮುಳುಗಿದರೆ ಗಡಿ ಎಲ್ಲಿರುತ್ತದೆ?’ ಅದು ಮುನ್ನೂರನೆಯದು. ಕೊನೆಯ ಹಾಳೆಯಲ್ಲಿ ಅದೊಂದೇ ಇದೆ, ಉತ್ತರದ ಜಾಗ ಖಾಲಿ. ಆ ಹಾಳೆಯನ್ನು ಅಮ್ಮಿಗೂ ತೋರಿಸಿಲ್ಲ, ಮಿನಾಜಳಿಗೂ ತೋರಿಸಿಲ್ಲ. ಆ ಹುಡುಗಿಗೆ ಅದನ್ನು ಹೇಳಿಕೊಟ್ಟವರು ಯಾರು?

ನಾಹಿದ್

*

ಬೆಣಚಿಮರಡಿ
2 ಜೂನ್ 2026
ಹೊಳೆ ಮಟ್ಟ: ಮೂರು ಅಡಿ. ಕಲ್ಲು ಒದ್ದೆ.

ನಾಹಿದಕ್ಕನವರೇ,

ಹುಡುಗಿಗೆ ಯಾರೂ ಹೇಳಿಕೊಟ್ಟಿಲ್ಲ. ಕೇಳಿದರೆ, “ನನಗ ಮೊದಲಿಂದ ಗೊತ್ತದ” ಎನ್ನುತ್ತಾಳೆ. ಇದಕ್ಕಿಂತ ಹೆಚ್ಚು ನನಗೂ ತಿಳಿಯದು.

ಉಳಿದದ್ದು ತಿಳಿದಿದೆ. ಈಗ ಬರೆಯುತ್ತೇನೆ.

ನಿಮ್ಮ ತಮ್ಮ ಬಂದಿದ್ದ. ದೊಡ್ಡ ನೀರಿಗೆ ಎರಡು ದಿನ ಮೊದಲು. ಕಲ್ಲು ಆರಿಸಲು ಅರ್ಧ ತಾಸು ಮಾಡಿದ. ಗೆರೆ ಇರುವ ಕಲ್ಲೇ ಬೇಕೆಂದು ಹುಡುಕಿ, “ಇದರ ನಡುವೆನೂ ಗಡಿ ಐತಿ ನೋಡ್ರಿ” ಎಂದು ನಕ್ಕ. ಎಡಗೈಯಿಂದ ಮಡಕೆಗೆ ಹಾಕಿದ. ಗಡ್ಡೆಯಲ್ಲಿ ಬೀರೇಶನ ಜೋಪಡಿಯಲ್ಲಿ ಉಳಿದ. ಟೇಪು ಹಿಡಿದು ಗಡಿಯಿಂದ ಜೋಪಡಿಗೆ ಎಷ್ಟು, ಜಾಲಿ ಗಿಡಕ್ಕೆ ಎಷ್ಟು ಎಂದು ಅಳೆಯುತ್ತ ತಿರುಗಿದ. ಬೂದೆಮ್ಮನಿಗೆ ನೋವು ಬಂದಾಗ ಹೆದರಿಕೆ ಮರೆಯಲಿ ಅಂತ ಜೋಪಡಿಯ ಹೊರಗೆ ಕುಂತು ಪ್ರಶ್ನೆ ಕೇಳುತ್ತಿದ್ದನಂತೆ. ಹಂಪಮ್ಮನೇ ಸೂಲಗಿತ್ತಿ, ಅವಳು ಹೇಳಿದ ಮಾತು.

ಕೂಸು ಹುಟ್ಟಿದ ದಿನವೇ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಮುಂಜಾನೆ ಹದಿನಾಲ್ಕು ಅಡಿ ಇದ್ದದ್ದು ಮಧ್ಯಾಹ್ನಕ್ಕೆ ಇಪ್ಪತ್ತು. ಮೊದಲ ಸರ್ತಿ ಬಂದವರು ಅವನು ಎರಡನೆಯದರಲ್ಲಿ ಬರುತ್ತಾನೆ ಅಂದುಕೊಂಡರು. ಎರಡನೆಯವರು ಅವನು ಮೊದಲನೆಯದರಲ್ಲಿ ಹೋದ ಅಂದುಕೊಂಡರು. ಅವನು ಬಾಲದ ಕಡೆ ಗಡಿಕಲ್ಲು ನೋಡಲು ಹೋಗಿದ್ದ. ನಾನು ಎಣಿಸಿದೆ, ಹದಿನಾಲ್ಕು. ಹುಟ್ಟು ಹಾಕಿದೆ.

ನಡುಹೊಳೆಗೆ ಬಂದಾಗ ಹಿಂದಿನಿಂದ ಧ್ವನಿ ಬಂತು.

ಅಕ್ಕಾ, ನಮ್ಮಪ್ಪ ನನಗ ಹುಟ್ಟು ಹಿಡಿಯಾಕ ಕಲಿಸಿದ ದಿನ ಕಲಿಸಿದ್ದು ಒಂದೇ ಮಾತು. ದೊಡ್ಡ ನೀರಾಗ ಲೆಕ್ಕ ಮುಗಿದ ಮ್ಯಾಲ ಯಾರರ ಕರದ್ರ ಅದು ಮನುಷ್ಯಾ ಅಲ್ಲ, ಹೊಳಿ ಕರಿಯಾಕತ್ತದ, ತಿರುಗಿ ನೋಡಬ್ಯಾಡ, ಓ ಅನಬ್ಯಾಡ. ಹರಿಗೋಲಿನಾಗ ಇದ್ದವರೆಲ್ಲಾ ಕೇಳಿದ್ರು. ಎಲ್ಲಾರೂ ತಲಿ ತಗ್ಗಿಸಿದ್ರು. ಬೂದೆಮ್ಮ ಸೆರಗು ಹೊಚ್ಚಿ ಕೂಸಿನ ಕಿವಿ ಮುಚ್ಚಿದಳು. ನಾನು ತಿರುಗಲಿಲ್ಲ.

ಅಂವ ಕಾಪಾಡ್ರಿ ಅನ್ನಲಿಲ್ಲ. ಹೆಸರು ಹಿಡದೂ ಕರೀಲಿಲ್ಲ. “ಹದಿನೈದು! ಹದಿನೈದು!” ಅಂತ ಒದರಾಕತ್ತಿದ್ದ. ನಾವು ಎಲ್ಲಿ ತಪ್ಪಿದ್ದೀವಿ ಅಂತ ಅವನಿಗೆ ಗಡ್ಡಿ ದಂಡಿ ಮ್ಯಾಲ ನಿಂತಲ್ಲೇ ತಿಳಿದಿತ್ತು. ನನಗ ತಿಳಿದದ್ದು ಮರುದಿನ, ಜನ ಬಂದು ತಮ್ಮ ತಮ್ಮ ಕಲ್ಲು ಎಸದಾದ ಮ್ಯಾಲ ಮಡಕಿಯಾಗ ಒಂದು ಉಳದಾಗ. ಆಗ ಕಂಬದಾಗ ಇಪ್ಪತ್ತಾರು ಅಡಿ. ಗಡ್ಡಿ ಇರಲಿಲ್ಲ, ಬರೇ ನೀರು.

ಯಾರಿಗೂ ಹೇಳಲಿಲ್ಲ. ಅಂಜಿದೆ. ಲೆಕ್ಕ ತಪ್ಪಿದ ಹರಿಗೋಲಿನವ ಅಂದ್ರ ಯಾರ ಹತ್ತತಾರ? ಇದೇ ಖರೇ ಮಾತು, ಬ್ಯಾರೆ ನೆಪ ಇಲ್ಲ.

ನೀರು ಇಳಿದ ಮೇಲೆ ಒಬ್ಬನೇ ಹೋದೆ. ಗಡಿಕಲ್ಲಿಗೆ ಹೊಲಿಗೆ ಟೇಪು ಸುತ್ತಿ ಗಂಟು ಹಾಕಿತ್ತು. ಇನ್ನೊಂದು ತುದಿ ಹರಿದಿತ್ತು. ಅವನು ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಎಂದು ನನಗೆ ಅನ್ನಿಸುತ್ತದೆ. ಬೇರೇನೂ ಸಿಗಲಿಲ್ಲ. ಟೇಪನ್ನು ಇದರ ಜತೆ ಇಟ್ಟಿದ್ದೇನೆ. ಮೂವತ್ತಾರರ ಗೆರೆಯ ಮೇಲೆ ಕೆಂಪು ಬಣ್ಣದ ಗುರುತಿದೆ.

ಪೊಲೀಸರಿಗೆ ಹೇಳು ಎಂದರೆ ನಾನೇ ಹೋಗಿ ಹೇಳುತ್ತೇನೆ.

ಪರಮಣ್ಣ

*

ರಾಯಚೂರು
21 ಜೂನ್ 2026

ಪರಮಣ್ಣ,

ಟೇಪು ಮಿನಾಜಳದೇ. ಮೂವತ್ತಾರಕ್ಕೆ ಉಗುರಿನ ಬಣ್ಣ ಹಚ್ಚಿದ್ದು ಅವಳೇ. ಕೈಗೆ ಕೊಟ್ಟಾಗ ಅವಳು ಅಳಲಿಲ್ಲ. ಇಂಚು ಇಂಚಾಗಿ ಕೈಯಿಂದ ನೇವರಿಸಿ, ಹರಿದ ತುದಿಗೆ ಬಂದಾಗ ನಿಂತಳು. “ಇಷ್ಟು ದಿನ ಬೈದೆ ಆಪಾ. ಬಿಟ್ಟು ಹೋದ ಅಂತ ದಿನಾ ಬೈದೆ” ಎಂದಳು. ಆಗ ನಾನು ಅತ್ತೆ.

ನಿಮ್ಮನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೆಂದು ಮಾತೂ ಕೊಡುವುದಿಲ್ಲ. ನೀವು ಒಮ್ಮೆ ಓ ಎಂದಿದ್ದರೆ ಸಾಕಾಗಿತ್ತು. ಅವನು ನಿಮ್ಮ ಲೆಕ್ಕ ತಿದ್ದುತ್ತಾ ಸತ್ತ. ಪೊಲೀಸರಿಗೆ ಏನು ಹೇಳಬೇಕೆಂದು ಮಿನಾಜ್ ನಿರ್ಧರಿಸಲಿ, ಆ ಹಕ್ಕು ಅವಳದು. ಅಮ್ಮಿ ತೀರಿಹೋದ ಮಗನ ಹೆಸರಿನಲ್ಲಿ ಫಾತಿಹಾ ಓದಿಸಿದಳು. ಏಳು ವರ್ಷದಲ್ಲಿ ಮೊದಲ ಸಲ ಬಾಗಿಲಿಗೆ ಅಗಳಿ ಹಾಕಿ ಮಲಗಿದ್ದಾಳೆ.

ಮಿನಾಜ್ ಗಡಿಕಲ್ಲು ನೋಡಬೇಕಂತೆ. ಜತೆಗೆ ನಾನು ಬರಬೇಕು, ಬರಲಾರೆ. ಇಪ್ಪತ್ತು ವರ್ಷ ಹೊಳೆಗಳ ಪಾಠ ಮಾಡಿದ ನಾನು ಇವತ್ತಿನವರೆಗೆ ಒಂದು ಹರಿಗೋಲಿಗೂ ಕಾಲಿಟ್ಟಿಲ್ಲ. ನೀರೆಂದರೆ ನನಗೆ ಭಯ, ಈಗ ಇನ್ನೂ ಹೆಚ್ಚು. ಅವಳು ಒಬ್ಬಳೇ ಬರುತ್ತಾಳೆ. ಜೋಪಾನವಾಗಿ ಕರೆದೊಯ್ಯಿರಿ. ಈ ಸಲ ಸರಿಯಾಗಿ ಎಣಿಸಿ.

ಆ ಹುಡುಗಿಗೆ ಉತ್ತರ: ಕಲ್ಲು ಮುಳುಗಿದರೂ ಗಡಿ ಇದ್ದಲ್ಲೇ ಇರುತ್ತದೆ. ಅಳೆದು ಬರೆದಿಟ್ಟ ಗಡಿಯನ್ನು ನೀರು ಮುಚ್ಚಬಹುದು, ಅಳಿಸಲಾರದು.

ನಾಹಿದ್

*

ಬೆಣಚಿಮರಡಿ
9 ಜುಲೈ 2026
ಹೊಳೆ ಮಟ್ಟ: ಎಂಟು ಅಡಿ

ನಾಹಿದಕ್ಕನವರೇ,

ನಿನ್ನೆ ಮಿನಾಜವ್ವ ಬಂದು ಹೋದರು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅವರು ದಂಡೆಯಲ್ಲಿ ಕೈಗೆ ಸಿಕ್ಕಿದ ಕಲ್ಲು ತೆಗೆದು ಮಡಕೆಗೆ ಹಾಕಿದರು. ಬೂದೆಮ್ಮ ಮಗಳ ಕೈ ಹಿಡಿದು ಬಂದು, “ಅಕಿ ಹುಟ್ಟಿದ ಜಾಗಾ ಅಕಿನೂ ನೋಡ್ಲಿ ಯಣ್ಣಾ, ಇನ್ನ ತಡಿಯಾಂಗಿಲ್ಲ” ಎಂದಳು, ತಾನು ದಂಡೆಯಲ್ಲೇ ಉಳಿದಳು. ರಾಧಾ ತನ್ನ ಜೀವನದ ಮೊದಲ ಕಲ್ಲು ಹಾಕಿದಳು. ಮಡಕೆಯಲ್ಲಿ ಮೂರು ಕಲ್ಲು.

ನನ್ನ ಹರಿಗೋಲಿನ ಹೊರಬದಿಗೆ ಬೆರಳಿನಷ್ಟು ದೂರಕ್ಕೊಂದು ಮೊಳೆ ಹೊಡೆದಿದ್ದೇನೆ. ಒಬ್ಬ ಆಳು ಹತ್ತಿದರೆ ಹರಿಗೋಲು ಒಂದು ಮೊಳೆಯಷ್ಟು ನೀರಿಗೆ ಇಳಿಯುತ್ತದೆ. ಹೋಗುವಾಗ ನಾನು, ಮಿನಾಜವ್ವ, ಹುಡುಗಿ ಸೇರಿ ಎರಡೂವರೆ ಮೊಳೆ.

ಗಡಿಕಲ್ಲಿನ ಮುಂದೆ ಮಿನಾಜವ್ವ ಕುಂತರು. ಟೇಪು ತಂದಿದ್ದರು. ಕಲ್ಲಿನ ಸುತ್ತಳತೆ ತೆಗೆದು, “ನಲವತ್ತೊಂದು ಇಂಚು. ಬರ್ಕೊಂಡಿರ್ತಿದ್ದ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬರುವಾಗ ನಡುಹೊಳೆ, ಅದೇ ಜಾಗ. ರಾಧಾ ಗಡ್ಡೆಯ ಕಡೆ ಕೈ ಮಾಡಿ, “ಮಾಮಾ, ಯಾರೋ ಕರಿಯಾಕತ್ತಾರ” ಅಂದಳು.

ಮಿನಾಜವ್ವನಿಗೆ ಏನೂ ಕೇಳಿಸಲಿಲ್ಲವಂತೆ. ನನಗೆ ಕೇಳಿಸಿತು. ಏಳು ವರ್ಷ ದಿನಾ ಕೇಳಿದ ಧ್ವನಿ. ಲೆಕ್ಕ ಮುಗಿದಿತ್ತು, ಗಡ್ಡೆಯಲ್ಲಿ ಯಾರೂ ಇರಲಿಲ್ಲ. ಆದರೂ ನಾನು, “ಓ! ಬಂದೆ, ನಿಲ್ಲಪಾ!” ಎಂದು ಗಟ್ಟಿಯಾಗಿ ಒದರಿ ಹರಿಗೋಲು ತಿರುಗಿಸಿದೆ.

ಗಡ್ಡೆಯ ದಂಡೆಯಲ್ಲಿ ಯಾರೂ ಕಾಣಲಿಲ್ಲ. ಜಾಲಿ ಗಿಡ, ಕುರಿ ಹಿಕ್ಕೆ, ಅಷ್ಟೇ. ಒಬ್ಬ ಮನುಷ್ಯ ಹತ್ತಿ ಕುಳಿತುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತೆ. ಮಿನಾಜವ್ವ ಬುರ್ಖಾ ಸರಿಪಡಿಸಿಕೊಂಡು, ಒಂದು ಪಕ್ಕಕ್ಕೆ ಸರಿದು ಜಾಗ ಮಾಡಿ ಕುಂತರು.

ಹುಟ್ಟು ಹಾಕುವ ಮೊದಲು ಮೊಳೆ ನೋಡಿದೆ. ಮೂರೂವರೆ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ಮೂವತ್ತು ವರ್ಷ ಕಂಬ ನೋಡಿದ ಕಣ್ಣು ಇದು ಅಕ್ಕಾ, ಮೊಳೆ ಎಣಿಸುವುದರಲ್ಲಿ ತಪ್ಪುವುದಿಲ್ಲ. ದಂಡೆಯವರೆಗೂ ಹುಟ್ಟು ಭಾರವಾಗಿಯೇ ಇತ್ತು.

ಇಳಿದ ಮೇಲೆ ಮಿನಾಜವ್ವ ತಮ್ಮ ಕಲ್ಲು ಎಸೆದರು. ರಾಧಾ ತನ್ನದು ಎಸೆದಳು. ಬಿಳಿ ಗೆರೆಯ ಕಲ್ಲು ತೆಗೆಯಲು ನಾನು ಮಡಕೆಯನ್ನೇ ಎತ್ತಿ ದಂಡೆಗೆ ತಂದೆ, ಮಿನಾಜವ್ವನ ಕೈಗೆ ಕೊಡೋಣ ಎಂದು. ಮಡಕೆ ಖಾಲಿ ಇತ್ತು. ತಳದಲ್ಲಿ ಒದ್ದೆ ಗುರುತು ಒಂದೇ ಇತ್ತು. ಅದೂ ನಾವು ನೋಡುತ್ತಿದ್ದಂತೆ ಬಿಸಿಲಿಗೆ ಆರಿತು.

ಕೇಸು ಕೊಡುವುದಿಲ್ಲ ಎಂದರು ಮಿನಾಜವ್ವ. ಆದರೆ ಸಾಹೇಬರ ಮುಂದೆ ಹೋಗಿ ನಿಜ ಬರೆದುಕೊಡಬೇಕು, ತನ್ನ ಗಂಡ ಯಾರ ಜತೆಯೂ ಓಡಿಹೋಗಿರಲಿಲ್ಲ ಎಂದು ಕಾಗದದ ಮೇಲೆ ಇರಬೇಕು ಎಂದರು. ಇವತ್ತು ದೇವದುರ್ಗಕ್ಕೆ ಹೋಗಿ ಬರೆದುಕೊಟ್ಟು ಬಂದೆ. ಇನ್ನು ಮೇಲೆ ಹರಿಗೋಲು ನನ್ನ ಕೈಯಲ್ಲಿ ಇರುವುದೋ ಇಲ್ಲವೋ ತಿಳಿಯದು.

ನನ್ನ ಹಳೆ ಪುಸ್ತಕದಲ್ಲಿ ಆ ದಿನದ ಹಾಳೆ ತೆಗೆದು ಹದಿನಾಲ್ಕನ್ನು ಹೊಡೆದು ಹದಿನೈದು ಎಂದು ತಿದ್ದಿದೆ. ಕೆಳಗೆ, ಎಲ್ಲರೂ ದಂಡೆಗೆ ಬಂದರು ಎಂದು ಬರೆದೆ. ಅಮ್ಮಿಗೆ ಹೇಳಿ.

ಪರಮಣ್ಣ